ಗೀಸರ್ ಯಾವ ಗೋಡೆಗೆ, ಎಷ್ಟು ಎತ್ತರಕ್ಕೆ?

ಅಂಗಡಿಗೆ ಹೋಗುವ ಮೊದಲು ಬಚ್ಚಲಮನೆಯ ಗೋಡೆಯನ್ನು ಬೆರಳಗಂಟಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದು ಹಾಲೋ ಬ್ಲಾಕ್ (ಒಳಗೆ ಟೊಳ್ಳಿರುವ ಸಿಮೆಂಟ್ ಇಟ್ಟಿಗೆ) ಇರಬಹುದು. ರಂಧ್ರದೊಳಗೆ ಹಿಗ್ಗಿ ಹಿಡಿಯುವ ಸಾದಾ ಆಂಕರ್ ಬೋಲ್ಟ್ ಅಲ್ಲಿ ಕಚ್ಚುವುದಿಲ್ಲ. 25 ಲೀಟರಿನ ಗೀಸರ್ ತುಂಬಿದರೆ ನೀರಿನದ್ದೇ 25 ಕಿಲೋ, ಮೈತೂಕ ಸೇರಿ ಸುಮಾರು 35 ಕಿಲೋ. ನಾಲ್ಕೂವರೆ ಇಂಚಿನ ಅಡ್ಡಗೋಡೆಗೆ ಈ ಭಾರ ಹೊರಿಸಬೇಡಿ, 9 ಇಂಚಿನ ಇಟ್ಟಿಗೆ ಗೋಡೆ ಹುಡುಕಿ. ಬಳ್ಳಾರಿ, ಕೊಪ್ಪಳದ ಹಳೆಯ ಕಲ್ಲುಗೋಡೆಗಳಲ್ಲಿ ರಂಧ್ರ ಕಲ್ಲಿನ ನಡುವೆ ಬೀಳಲಿ, ಸಂದಿನ ಮಣ್ಣಿಗಲ್ಲ.

ನಂತರ ನಳ ಎಷ್ಟು ದೂರವಿದೆ ನೋಡಿ. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪು ಮೀಟರಿಗೆ ಕಾಲು ಲೀಟರ್ ನೀರು ಹಿಡಿಯುತ್ತದೆ. 8 ಮೀಟರ್ ಎಳೆದರೆ ಪ್ರತಿಸಲ 2 ಲೀಟರ್ ತಣ್ಣೀರು ಹರಿದ ಮೇಲೆಯೇ ಬಿಸಿನೀರು.

ಎತ್ತರದ ವಿಷಯದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಗೀಸರಿನ ಬುಡ ನೆಲದಿಂದ 6 ಅಡಿಗಿಂತ ಮೇಲಿರಲಿ, ಶವರಿನಿಂದ 60 ಸೆಂ.ಮೀ. ಆಚೆಗಿರಲಿ. ಬುಡದ ಕೆಳಗೆ ಕನಿಷ್ಠ 30 ಸೆಂ.ಮೀ. ಖಾಲಿ ಬಿಡಲೇಬೇಕು. ಕಾರಣ ನಮ್ಮ ಬೋರ್ ನೀರು. ತೊಗರಿಬೇಳೆ ಬೇಯದ, ಸಾಬೂನು ನೊರೆಯಾಗದ ನೀರು ನಿಮ್ಮದಾದರೆ ಕಾಯಿಸುವ ಎಲಿಮೆಂಟಿನ ಸುತ್ತ ಮೊಟ್ಟೆಯ ಸಿಪ್ಪೆಯಂಥ ಬಿಳಿ ಪದರ ಕಟ್ಟುತ್ತದೆ. ಮೊದಲು ಕಾಯುವಾಗ ಚಟಪಟ ಸದ್ದು, ಆಮೇಲೆ ನೀರು ಕಾಯಲು ತಡ. ಶಾಖ ನೀರಿಗಿಳಿಯದೆ ಒಳಗೇ ಉಳಿದು ಕೊನೆಗೆ ಎಲಿಮೆಂಟೇ ಸುಟ್ಟುಹೋಗುತ್ತದೆ. ನಿಲುವಿನ ಗೀಸರ್‌ಗಳಲ್ಲಿ ಎಲಿಮೆಂಟ್, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಸಿಯಂ ಕಡ್ಡಿ ಎರಡನ್ನೂ ಶುಚಿಮಾಡಲು ಇಲ್ಲವೇ ಬದಲಿಸಲು ಬುಡದ ಮುಚ್ಚಳ ಬಿಚ್ಚಿ ನೇರವಾಗಿ ಕೆಳಗೆ ಎಳೆಯಬೇಕು. ಕೆಳಗೆ ಸಜ್ಜಾ ಇದ್ದರೆ ಇಡೀ ಗೀಸರನ್ನೇ ಇಳಿಸಬೇಕಾಗುತ್ತದೆ. ಫಾಲ್ಸ್ ಸೀಲಿಂಗ್ ಮೇಲೆ ಅಡಗಿಸುವುದಂತೂ ಬೇಡವೇ ಬೇಡ. ಸೋರಿಕೆ ಗೊತ್ತಾಗುವಷ್ಟರಲ್ಲಿ ಸೀಲಿಂಗ್ ನೆಂದಿರುತ್ತದೆ.

ತಣ್ಣೀರಿನ ಬಾಯಿಗೆ ಸೇಫ್ಟಿ ವಾಲ್ವ್ ಇರಬೇಕು. ನೀರು ಕಾದು ಹಿಗ್ಗಿದಾಗ ಅಲ್ಲಿಂದ ಹನಿಯುವುದು ಸಹಜ. ಆ ಹನಿಗೆ ಸಣ್ಣ ಪೈಪು ಕೊಟ್ಟು ಮೋರಿಗೆ ಬಿಡಿ, ಬಾಯಿ ಮಾತ್ರ ಮುಚ್ಚಬೇಡಿ. ಒತ್ತಡಕ್ಕೆ ದಾರಿಯಿಲ್ಲದಿದ್ದರೆ ಟ್ಯಾಂಕ್ ಸೀಳುವ ಅಪಾಯವಿದೆ.

2000 ವ್ಯಾಟಿನ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. 16 ಆಂಪ್ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ವೈರ್, ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿಮೀರಿದರೆ ಬೀಳುವ ಸ್ವಿಚ್), ಜೊತೆಗೆ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಬೇಕು. ಸ್ವಿಚ್ ಬಚ್ಚಲಿನ ಬಾಗಿಲ ಹೊರಗಿರಲಿ. ರಾಯಚೂರಿನ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಅದಕ್ಕೆ ಆಗಾಗ ನೀರುಣಿಸಿ.

ಗ್ಯಾಸ್ ಗೀಸರ್ ಆದರೆ ಬಚ್ಚಲ ಒಳಗೆ ಬೇಡ, ಗಾಳಿಯಾಡುವ ಹೊರಗೋಡೆಗೇ ಹಾಕಿಸಿ. ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ.

ಕೂರಿಸಿದ ಮೇಲೆ ಮೊದಲು ಬಿಸಿನೀರಿನ ನಳ ತೆರೆದಿಡಿ. ಗಾಳಿಯೆಲ್ಲ ಬುಸುಗುಟ್ಟಿ ಹೊರಹೋಗಿ, ನೀರು ಒಂದೇ ಧಾರೆಯಾಗಿ ಬಿದ್ದ ಮೇಲೆಯೇ ಸ್ವಿಚ್ ಹಾಕಿ.