ಕೌಂಟರಿನಲ್ಲೇ ವಾರಂಟಿ ಬದಲಿ: ಉಡುಪಿ ಅಂಗಡಿಯಲ್ಲಿ ನನ್ನ ಅನುಭವ

ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ವಾರಂಟಿ ಇರುವ ಮಾಲು ಕೆಟ್ಟರೆ ಕೌಂಟರಿನಲ್ಲೇ ಬದಲಿಸಿ ಕೊಡ್ತೇನೆ, ಕಂಪನಿ ಜೊತೆ ಗುದ್ದಾಟ ಆಮೇಲೆ ನನ್ನದು ಅಂದಾಗ ನಮ್ಮ ಲೈನಿನವರೆಲ್ಲ ನಕ್ಕಿದ್ದರು. "ಮಾರಾಯ್ರೆ, ನಿಮಗೆ ತಲೆ ಸಮ ಉಂಟಾ? ಆರು ತಿಂಗಳಲ್ಲಿ ಬಾಗಿಲು ಹಾಕ್ತೀರಿ" ಅಂದಿದ್ದರು ಮಂಗಳೂರಿನ ಒಬ್ಬ ಡೀಲರ್. ಮೂರು ಮಳೆಗಾಲ ಕಳೆಯಿತು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡ್ತೀರಿ ಅಂತ ಕೇಳ್ತಾರೆ.

ಬದಲಿ ಸ್ಟಾಕಿಗೆ ಸುಮಾರು 80 ಸಾವಿರ ಹಾಕಿದೆ. ಹೆಚ್ಚು ಓಡುವ ಎಸ್‌ಎಸ್‌ಡಿ (ಡೇಟಾ ಇಡುವ ಡ್ರೈವ್), 8 ಜಿಬಿ ರ‍್ಯಾಮ್, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ), ಅಷ್ಟೇ. ಮದರ್‌ಬೋರ್ಡಿಗೆ ಬದಲಿ ಕೊಡೋದಿಲ್ಲ, ಕಂಪನಿಯಲ್ಲಿ ವಾರಂಟಿ ಕ್ಲೇಮ್ ಮುಗಿಯುವವರೆಗೆ ಹಳೇ ಬೋರ್ಡ್ ಒಂದನ್ನು ಹಾಕಿ ಕೊಡ್ತೇನೆ. ಗ್ರಾಫಿಕ್ಸ್ ಕಾರ್ಡಿನ ತಂಟೆಗೆ ಹೋಗಲಿಲ್ಲ. ಅದರ ಬೆಲೆಗೆ ನನ್ನ ಧೈರ್ಯ ಸಾಲದು.

ಮೊದಲ ಮಳೆಗಾಲ ಚೆನ್ನಾಗಿ ಪೆಟ್ಟು ಕೊಟ್ಟಿತು. ಕ್ಲೇಮಿಗೆ ಕಳಿಸಿದ ಬೋರ್ಡುಗಳು ಒಂದರ ಹಿಂದೆ ಒಂದು ತಿರಸ್ಕಾರವಾಗಿ ವಾಪಸ್. ಚೀಟಿಯಲ್ಲಿ ಎರಡೇ ಕಾರಣ: ತುಕ್ಕು, ಇಲ್ಲವಾದರೆ ಪ್ರೊಸೆಸರ್ ಕೂರುವ ಸಾಕೆಟ್ಟಿನಲ್ಲಿ ಬಗ್ಗಿದ ಪಿನ್. ಆ ವರ್ಷ ಕೈಯಿಂದ ಹೋದದ್ದು 25 ಸಾವಿರದ ಆಸುಪಾಸು. ಪಿನ್ ಬಗ್ಗಿದ್ದು ಗಿರಾಕಿ ಮನೆಯಲ್ಲೋ, ದಾರಿಯಲ್ಲೋ, ಸರ್ವಿಸ್ ಸೆಂಟರಿನ ಮೇಜಿನ ಮೇಲೋ, ಯಾರಿಗೆ ಗೊತ್ತು? ಅನುಭವಿಸೋದು ಮಾತ್ರ ಅಂಗಡಿಯವನು.

ಹಾಗಾಗಿ ಫೋಟೋ ಶುರು ಮಾಡಿದೆ. ಮಾರುವಾಗ ಸಾಕೆಟ್, ಸೀರಿಯಲ್ ನಂಬರ್, ಪೋರ್ಟಿನ ಬದಿ. ಕ್ಲೇಮಿಗೆ ಬಂದಾಗ ಗಿರಾಕಿ ಎದುರೇ ಮತ್ತೆ ಅವೇ ಫೋಟೋ. ಪ್ಯಾಕ್ ಮಾಡುವಾಗ ವೀಡಿಯೋ, ಒಂದೇ ಉಸಿರಿಗೆ, ಕಟ್ ಇಲ್ಲದೆ. ಸಾಕೆಟ್ ಮುಚ್ಚಳ ಹಾಕದೆ ಬೋರ್ಡ್ ಕಳಿಸೋದು ಅಂದರೆ ಸುಮ್ನೆ ಜಗಳ ಕೊಂಡ ಹಾಗೆ. ಅದಕ್ಕೇ ಅಸೆಂಬಲ್ ಮಾಡಿದಾಗ ಉಳಿದ ಮುಚ್ಚಳಗಳನ್ನೆಲ್ಲ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟಿದ್ದೇನೆ. ಮೇಲ್‌ನಲ್ಲಿ ಫೋಟೋಗಳನ್ನು ಯಾವ ಕ್ರಮದಲ್ಲಿ, ಯಾವ ಹಂತದಲ್ಲಿ ಕಳಿಸಬೇಕು ಅನ್ನೋದಕ್ಕೂ ಒಂದು ಲೆಕ್ಕ ಉಂಟು. ಅದು ನನ್ನ ಹತ್ತಿರವೇ ಇರಲಿ. ಈಗ ಪಿನ್ ವಿಷಯದಲ್ಲಿ ಹತ್ತರಲ್ಲಿ ಎಂಟು ಕ್ಲೇಮ್ ನನ್ನ ಕಡೆಗೇ ಆಗ್ತವೆ.

ತುಕ್ಕಿಗೆ ಫೋಟೋ ಕೆಲಸ ಮಾಡೋದಿಲ್ಲ. ಇರೋದು ಇದ್ದೇ ಇದೆಯಲ್ಲ! ಕುತೂಹಲಕ್ಕೆ ಗುಜರಿ ಬೋರ್ಡ್ ಎರಡನ್ನು ಜೂನಿನಲ್ಲಿ ಒಂದು ಮಲ್ಪೆಯ ಗೆಳೆಯನ ಮನೆಯಲ್ಲಿ, ಇನ್ನೊಂದು ಮಣಿಪಾಲದಲ್ಲಿ ಕಿಟಕಿ ಹತ್ತಿರ ಇಟ್ಟೆ. ಸೆಪ್ಟೆಂಬರಿನಲ್ಲಿ ನೋಡಿದರೆ ಮಲ್ಪೆಯದ್ದರ ಯುಎಸ್‌ಬಿ ಪೋರ್ಟಿನ ಅಂಚಿಗೆ ಕಂದು ಪುಡಿ, ಆಡಿಯೋ ಜ್ಯಾಕಿನೊಳಗೆ ಹಸಿರು. ಮಣಿಪಾಲದ್ದು ಸ್ವಲ್ಪ ಮಂಕಾಗಿತ್ತು, ಅಷ್ಟೇ. ಕ್ಯಾಬಿನೆಟ್ ಒಳಗೆ ಸಿಲಿಕಾ ಜೆಲ್ ಹಾಕಿಯೂ ನೋಡಿದೆ. ವೇಸ್ಟ್. ಫ್ಯಾನ್ ಹೊರಗಿನ ಗಾಳಿಯನ್ನು ಎಳೀತಾನೇ ಇರುತ್ತದೆ, ಪೊಟ್ಟಣ ಎಷ್ಟು ದಿನ ತಡೆದೀತು? ಗಟ್ಟಿ ಮುಚ್ಚಳದ ಡಬ್ಬದಲ್ಲಿರುವ ಬದಲಿ ಸ್ಟಾಕಿಗೆ ಮಾತ್ರ ಅದು ಉಪಯೋಗ. ಕಡಲ ಬದಿಯ ಗಿರಾಕಿಗಳಿಗೆ ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೊಂದು ಗಂಟೆ ಪಿಸಿ ಆನ್ ಮಾಡಿ ಅಂತೇನೆ. ಆ ಬಿಸಿಯೇ ಔಷಧ.

ಸಿಡಿಲಿನದ್ದು ಬೇರೆಯೇ ಕತೆ. ಏಪ್ರಿಲ್-ಮೇ ಗುಡುಗಿಗೆ, ಮತ್ತೆ ಅಕ್ಟೋಬರಿನಲ್ಲಿ, ಲ್ಯಾನ್ ಪೋರ್ಟ್ (ಇಂಟರ್ನೆಟ್ ವಯರ್ ಸಿಕ್ಕಿಸುವ ಜಾಗ) ಸತ್ತ ಬೋರ್ಡುಗಳು ಸಾಲಾಗಿ ಬರ್ತವೆ. ಸುಟ್ಟ ಗುರುತು ಕಂಡರೆ ಕ್ಲೇಮ್ ಇಲ್ಲ, ಅದನ್ನು ಬಿಲ್ಲಿನಲ್ಲೇ ಬರೆದು ಸಹಿ ಹಾಕಿಸ್ತೇನೆ. ಕಾರ್ಕಳ ಕಡೆ ಒಂದು ಮನೆಯಲ್ಲಿ ನ್ಯೂಟ್ರಲ್-ಅರ್ಥ್ ನಡುವೆ ಹತ್ತು ವೋಲ್ಟಿಗೂ ಜಾಸ್ತಿ ತೋರಿಸಿತು, ಅಂದರೆ ಅರ್ಥಿಂಗ್ ಸರಿ ಇಲ್ಲ. ಮುರಕಲ್ಲಿನ ಗುಡ್ಡೆ, ಬೇಸಿಗೆಯಲ್ಲಿ ಒಣಗಿ ಕಟಕಟ. ಅರ್ಥ್ ಗುಂಡಿಗೆ ನೀರು ಹೊಯ್ಯಿಸಿದ ಮೇಲೆ ಇಳಿಯಿತು.

ಎಸ್‌ಎಸ್‌ಡಿಯಲ್ಲಿ ದುಡ್ಡಿಗಿಂತ ಡೇಟಾದ ರಗಳೆ ಜಾಸ್ತಿ. ಡ್ರೈವ್ ಕಂಪನಿಗೆ ಹೋದರೆ ಒಳಗಿದ್ದದ್ದು ವಾಪಸ್ ಬರೋದಿಲ್ಲ. ಮಗುವಿನ ಫೋಟೋ ಇದ್ದವರೊಬ್ಬರು ಬದಲಿಯೂ ಬೇಡ, ವಾರಂಟಿಯೂ ಬೇಡ ಅಂತ ಸತ್ತ ಡ್ರೈವನ್ನೇ ಮನೆಗೆ ಒಯ್ದರು. ಈಗ ಒಪ್ಪಿಗೆ ಬರೆಸಿಕೊಳ್ಳದೆ ಯಾವ ಡ್ರೈವನ್ನೂ ಮುಟ್ಟೋದಿಲ್ಲ.

ಒಮ್ಮೆ ಒಂದು ವಿತರಕ ಕಂಪನಿ ಎರಡು ತಿಂಗಳು ಕ್ಲೇಮ್ ಮೇಲೆ ಕೂತಿತ್ತು. ಮಾರಾಟಕ್ಕೆ ಅಂತ ಕೊಳ್ಳುವ ನಾವು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರಲ್ಲ, ನಮ್ಮ ದೂರು ನಡೆಯೋದಿಲ್ಲ. ಗಿರಾಕಿಯದ್ದು ನಡೆಯುತ್ತದೆ. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಸಿದೆ. ವಾರ ಕಳೆಯುವಷ್ಟರಲ್ಲಿ ಮಾಲು ಬಂತು. ಇನ್ನೊಂದು ವಿಷಯ: ಇಂಟೆಲ್ 13, 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳು ಕೆಡುತ್ತಿದ್ದ ಕಾರಣ ಅವುಗಳಿಗೆ 2024ರ ಆಗಸ್ಟಿನಲ್ಲಿ ಕಂಪನಿಯೇ ಎರಡು ವರ್ಷ ವಾರಂಟಿ ಹೆಚ್ಚಿಸಿದೆ. ಗೇಮಿನಲ್ಲಿ ವೀಡಿಯೋ ಮೆಮೊರಿ ಸಾಲದು ಅಂತ ಎರರ್ ಬಂದರೆ ಗ್ರಾಫಿಕ್ಸ್ ಕಾರ್ಡಿಗೆ ಬೈಯುವ ಮೊದಲು ಪ್ರೊಸೆಸರ್ ನೋಡಿ.

ಲೆಕ್ಕ ಹೇಳೋದಾದರೆ ವರ್ಷಕ್ಕೆ ಈಗ 12-15 ಸಾವಿರ ಕೈಯಿಂದ ಹೋಗ್ತದೆ. ಆದರೆ ಕಳೆದ ಮಳೆಯಲ್ಲಿ ಘಾಟಿ ಬಂದ್ ಆಗಿ ಪಾರ್ಸೆಲ್ ದಾರಿಯಲ್ಲೇ ಕೊಳೆಯುತ್ತಿದ್ದಾಗ ಒಬ್ಬ ಗಿರಾಕಿಯೂ ಫೋನ್ ಮಾಡಲಿಲ್ಲ. ಎಲ್ಲರ ಪಿಸಿ ಓಡ್ತಾ ಇತ್ತಲ್ಲ. ಎರಡು ಕ್ಲಿನಿಕ್, ಒಂದು ಸೊಸೈಟಿಯ ವಾರ್ಷಿಕ ನಿರ್ವಹಣೆ ಸಿಕ್ಕಿದ್ದು ಇದೇ ಹೆಸರಿನಿಂದ. ಅದರ ಲಾಭ ಎಷ್ಟು ಅಂತ ಇಲ್ಲಿ ಬರೆಯೋದಿಲ್ಲ.

ಮುಂದೆ ಮಾನಿಟರಿಗೂ ಶುರು ಮಾಡುವ ಅಂತ ಇದ್ದೇನೆ. ಪ್ಯಾನೆಲ್ ಒಡೆಯದ ಹಾಗೆ ಬೆಂಗಳೂರು ಬಸ್ಸಿಗೆ ಹಾಕುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಥರ್ಮೋಕೋಲ್ ಅಂತ ಮಾತ್ರ ಹೇಳಬೇಡಿ, ಅದನ್ನು ನೋಡಿ ಆಯ್ತು.