ಟ್ರಿಕೊವನ್ನು ಒಲಿಸಿಕೊಂಡ ಬಗೆ

ಫುಮಿಟೊ ಉಯೆಡಾ ನಿರ್ದೇಶಿಸಿದ ‘ದಿ ಲಾಸ್ಟ್ ಗಾರ್ಡಿಯನ್’ 2009ರಲ್ಲಿ ಪ್ಲೇಸ್ಟೇಷನ್ 3ಕ್ಕೆಂದು ಘೋಷಣೆಯಾಗಿ, ಕೊನೆಗೆ 2016ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್ 4ರಲ್ಲಿ ಬಿಡುಗಡೆಯಾದ ವಿಡಿಯೊ ಆಟ. ನಾವು ಆಡಿಸುವ ಹೆಸರಿಲ್ಲದ ಒಬ್ಬ ಹುಡುಗ; ಬೆಕ್ಕು, ನಾಯಿ, ಹಕ್ಕಿ ಮೂರೂ ಬೆರೆತಂತಿರುವ ಟ್ರಿಕೊ ಎಂಬ ದೈತ್ಯ ಪ್ರಾಣಿ; ಇಬ್ಬರೂ ಪಾರಾಗಬೇಕಾದ ಪಾಳುಕೋಟೆ. ಕಥೆಯ ಬಂಡವಾಳ ಇಷ್ಟೇ. ಆದರೆ ಇಲ್ಲಿ ವಿಶ್ವಾಸವೆಂಬುದು ಕಥೆಗಿಂತ ಹೆಚ್ಚಾಗಿ, ಕಂಟ್ರೋಲರ್ ಹಿಡಿದ ಕೈ ರೂಢಿಸಿಕೊಳ್ಳಬೇಕಾದ ಅಭ್ಯಾಸವಾಗಿದೆ.

ಆರಂಭದಲ್ಲಿ ಟ್ರಿಕೊ ಸರಪಳಿಯಲ್ಲಿ ಬಂದಿ. ಮೈಗೆ ಈಟಿಗಳು ನಾಟಿವೆ. ಆಹಾರವಿರುವ ಪೀಪಾಯಿಯನ್ನು ನಾನು ಅದರ ಮುಂದೆ ಎಸೆದರೂ ಅದು ಮುಟ್ಟಲಿಲ್ಲ, ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಹಿಂದೆ ಸರಿದು ದೂರ ನಿಂತ ಮೇಲೆಯೇ ಅದು ಮೂಸಿ, ಬಾಯಿ ಹಾಕಿತು. ಕೊಡುವವನು ಎದುರಿಗೆ ನಿಲ್ಲಬಾರದೆಂಬ ಈ ಸೂಕ್ಷ್ಮವನ್ನು ಬಟನ್ನುಗಳ ಮೂಲಕವೇ ತಿಳಿಸಿದ ಆಟ ನನಗೆ ಬೇರೊಂದು ಸಿಕ್ಕಿಲ್ಲ.

ಆಜ್ಞೆ ಕೊಡುವ ಅವಕಾಶ ಬರುವುದು ಆಮೇಲೆ. ಕಂಟ್ರೋಲರಿನ ಆರ್1 ಬಟನ್ ಒತ್ತಿ ಹಿಡಿದರೆ ಹುಡುಗ ಕೂಗಿ, ಕೈ ತೋರಿಸಿ, ಜಿಗಿದು ತೋರಿಸುತ್ತಾನೆ. ಟ್ರಿಕೊ ಕೇಳಿಸಿಕೊಂಡರೂ ಒಮ್ಮೆ ಆಕಳಿಸಬಹುದು, ಮೈ ಕೆರೆದುಕೊಳ್ಳಬಹುದು. ಹಲವರು ಇದನ್ನು ಆಟದ ದೋಷವೆಂದೇ ದೂರಿದರು. ನಾನು ರೂಢಿಸಿಕೊಂಡ ಕ್ರಮ ಬೇರೆ: ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಒಮ್ಮೆ ಹೇಳುವುದು, ಆಮೇಲೆ ಬಟನ್ ಬಿಟ್ಟು ಅದರ ಕಿವಿ ಮತ್ತು ಕತ್ತು ತಿರುಗುವುದನ್ನು ನೋಡುತ್ತ ಕಾಯುವುದು. ಮೇಲಿನ ಕಟ್ಟೆಯನ್ನು ದಿಟ್ಟಿಸಿ, ಹಿಂಗಾಲು ಮಡಿಸಿ ಮೈ ತಗ್ಗಿಸಿತೆಂದರೆ ನೆಗೆತಕ್ಕೆ ಸಿದ್ಧವಾಗಿದೆ ಎಂದರ್ಥ. ಆಗ ಬೆನ್ನಿನ ಗರಿಗಳನ್ನು ಭದ್ರವಾಗಿ ಹಿಡಿದುಕೊಂಡಿದ್ದರಾಯಿತು. ಉಯೆಡಾ ನಿರ್ದೇಶಿಸಿದ ಮೊದಲ ಆಟ ‘ಇಕೊ’ದಲ್ಲಿ (2001) ಜೊತೆಗಾತಿಯ ಕೈ ಹಿಡಿದು ಕರೆದೊಯ್ಯಲು ಇದ್ದುದೂ ಇದೇ ಆರ್1; ಅಲ್ಲಿ ಎಳೆದರೆ ಜೊತೆ ಬರುತ್ತಿತ್ತು, ಇಲ್ಲಿ ಎಳೆಯುವ ಮಾತೇ ಇಲ್ಲ.

ಹುಡುಗನ ಕೈಯಲ್ಲಿ ಆಯುಧವಿಲ್ಲ. ಕೋಟೆಯ ಕಾವಲಿನ ಕವಚಧಾರಿಗಳು ಅವನನ್ನು ಹೊತ್ತು ಬಾಗಿಲಿನತ್ತ ನಡೆದಾಗ ಅವರನ್ನು ಚೆಲ್ಲಾಪಿಲ್ಲಿ ಮಾಡುವುದು ಟ್ರಿಕೊ; ಆದರೆ ಕಣ್ಣಿನ ಆಕಾರದ ಬಣ್ಣಗಾಜು ಎದುರಾದರೆ ಅದೇ ದೈತ್ಯ ಹೆಜ್ಜೆ ಕಿತ್ತಿಡದು, ಆಗ ಆ ಗಾಜನ್ನು ತೊಲಗಿಸಬೇಕಾದವನು ಈ ಪುಟ್ಟ ಹುಡುಗ. ಕಾದಾಟ ಮುಗಿದ ಮೇಲೂ ಟ್ರಿಕೊ ಬುಸುಗುಡುತ್ತಲೇ ಇರುತ್ತದೆ. ಮುಂದಿನ ದಾರಿ ಹುಡುಕುವ ಮೊದಲು ಬೆನ್ನೇರಿ, ಈಟಿಗಳನ್ನು ಒಂದೊಂದಾಗಿ ಕಿತ್ತು, ಮೈ ನೇವರಿಸಿ ಸಮಾಧಾನಪಡಿಸುವುದು ನನಗೆ ವಾಡಿಕೆಯಾಯಿತು. ನೇವರಿಸುತ್ತಿದ್ದಂತೆ ಉಸಿರಾಟ ನಿಧಾನವಾಗುವುದು ಕಿವಿಗೆ ಕೇಳುತ್ತದೆ; ಹೆಡ್‌ಫೋನ್ ಹಾಕಿಕೊಂಡು ಆಡುವುದು ಲೇಸು.

ಮುರಿದ ದಾರಿಯ ತುದಿಯಿಂದ ಟ್ರಿಕೊ ಕಡೆಗೆ ಜಿಗಿಯಬೇಕಾದ ಗಳಿಗೆ ಬಂದಾಗ ಅಂತರ ಹುಡುಗನ ಕಾಲಳವಿಗೆ ಮೀರಿದ್ದೆಂದು ಕಣ್ಣಿಗೇ ಕಾಣುತ್ತದೆ. ಬೇರೆ ಆಟವಾಗಿದ್ದರೆ ಇನ್ನೊಂದು ದಾರಿ ಹುಡುಕುತ್ತಿದ್ದೆ. ಇಲ್ಲಿ ಜಿಗಿದೆ, ಅದು ಬಾಯಿಂದ ಹಿಡಿಯಿತು.

ತಕರಾರು ಇಲ್ಲದಿಲ್ಲ. ಇಕ್ಕಟ್ಟಾದ ಕೋಣೆಗಳಲ್ಲಿ ಕ್ಯಾಮೆರಾ ಗರಿಗಳೊಳಗೆ ಹೂತುಹೋಗಿ ಏನೂ ಕಾಣದು. ಇನ್ನು, ಮುದುಕನಾದ ಹುಡುಗನೇ ಕಥೆ ಹೇಳುತ್ತಿದ್ದಾನಾದ್ದರಿಂದ, ನಾವು ಸ್ವಲ್ಪ ತಡಮಾಡಿದರೂ ಆ ದನಿ ಸುಳಿವು ಕೊಡಲು ಬರುತ್ತದೆ. ಟ್ರಿಕೊ ಎತ್ತ ನೋಡುತ್ತಿದೆಯೆಂದು ಗಮನಿಸಿದರೆ ಬಹುಪಾಲು ಕಡೆ ಆ ಸುಳಿವಿನ ಅಗತ್ಯ ಬೀಳುವುದಿಲ್ಲ.