97.9ರ ಚರಿತ್ರೆಯನ್ನು ನಾನು ಬರೆದ ಬಗೆ

ಲಾಸ್ ಏಂಜಲೀಸ್‌ನ ಎಫ್‌ಎಂ 97.9ರ ಚರಿತ್ರೆ ಬರೆಯಲು ಕುಳಿತಾಗ ಪರವಾನಗಿ, ಹೆಸರು, ಕೇಳುಗರು ಈ ಮೂರಕ್ಕೂ ಬೇರೆ ಬೇರೆ ನೋಟ್‌ಬುಕ್ ಇಟ್ಟುಕೊಂಡೆ. ಮೂರರ ಕಥೆಯೂ ಒಂದೇ ಅಲ್ಲ. ಪರವಾನಗಿಯ ಜಾಡು ಹಿಡಿದು ಹೋದರೆ ಸಿಗುವುದು ಕೆಎನ್‌ಒಬಿ ಎಂಬ ಜಾಝ್ ಕೇಂದ್ರ. 1950ರ ದಶಕದ ಕೊನೆಯಲ್ಲಿ ಸ್ಲೀಪಿ ಸ್ಟೈನ್ ಎಂಬಾತ ಅಲ್ಲಿ ಜಾಝ್ ಬಿಟ್ಟು ಬೇರೇನನ್ನೂ ಹಾಕುತ್ತಿರಲಿಲ್ಲ. ಅದೇ ತರಂಗಾಂತರ 1980ರ ದಶಕದ ಕೊನೆಗೆ ಸ್ಪ್ಯಾನಿಷ್ ಬ್ರಾಡ್‌ಕಾಸ್ಟಿಂಗ್ ಸಿಸ್ಟಂ ಕಂಪನಿಯ ಕೈಸೇರಿ ಕೆಎಸ್‌ಕೆಕ್ಯೂ ಆಯಿತು. 1992ರ ಆಗಸ್ಟ್‌ನಲ್ಲಿ ಕೆಎಲ್‌ಎಎಕ್ಸ್ ಎಂಬ ಹೊಸ ಹೆಸರು ಪಡೆಯಿತು. ಜನರ ಬಾಯಲ್ಲಿ ಅದು ‘ಲಾ ಎಕೀಸ್’; ಎಕ್ಸ್ ಅಕ್ಷರಕ್ಕೆ ಸ್ಪ್ಯಾನಿಷ್‌ನಲ್ಲಿ ಎಕೀಸ್ ಎನ್ನುತ್ತಾರೆ. ನಯವಾದ ಪ್ರೇಮಗೀತೆಗಳ ಜಾಗದಲ್ಲಿ ಮೆಕ್ಸಿಕೋದ ಹಳ್ಳಿಗಾಡಿನ ರಾಂಚೇರಾ, ನೊರ್ತೆನ್ಯಾ ಮತ್ತು ಬಾಂದಾ ಸಂಗೀತ ಕೇಳಿಬರತೊಡಗಿತು. ಮಾಲೀಕರ ಕುಟುಂಬವೋ ಕ್ಯೂಬಾ ಮೂಲದ್ದು! ವ್ಯಾಪಾರಿಗೆ ಕೇಳುಗರ ಕಿವಿ ಗೊತ್ತಿದ್ದರೆ ಸಾಕು.

ಬಾಂದಾ ಎಂದರೆ ಸಿನಲೋವಾ ಪ್ರಾಂತ್ಯದ ಹಿತ್ತಾಳೆ ವಾದ್ಯಗಳ ಮೇಳ. ಟ್ರಂಪೆಟ್, ಕ್ಲಾರಿನೆಟ್, ಟ್ಯೂಬಾ, ಜೊತೆಗೆ ಎದೆ ನಡುಗಿಸುವ ತಂಬೋರಾ ಡೋಲು. ಹಲಿಸ್ಕೋ ಪ್ರಾಂತ್ಯದ ಹೊಸ ಮೇಳಗಳು ಟ್ಯೂಬಾ ಕೈಬಿಟ್ಟು ಎಲೆಕ್ಟ್ರಿಕ್ ಬಾಸ್, ಕೀಬೋರ್ಡ್ ಸೇರಿಸಿ ಓಟ ಹೆಚ್ಚಿಸಿದವು. ಲಾಸ್ ಏಂಜಲೀಸ್‌ನ ಹದಿಹರೆಯದವರು ಅದಕ್ಕೆ ಕೆಬ್ರಾದೀತಾ ಎಂಬ ಕುಣಿತ ಕುಣಿಯುತ್ತಿದ್ದರು. ಜೋಡಿಯನ್ನು ನೆಲಕ್ಕೆ ತಾಗುವಷ್ಟು ಹಿಂದಕ್ಕೆ ಬಾಗಿಸುವುದು ಅದರ ಗತ್ತು.

1992ರ ಶರತ್ಕಾಲದಲ್ಲಿ, ರೇಡಿಯೋ ಕೇಳುಗರನ್ನು ಎಣಿಸುವ ಆರ್ಬಿಟ್ರಾನ್ ಕಂಪನಿಯ ಸಮೀಕ್ಷೆಯಲ್ಲಿ ಈ ಕೇಂದ್ರ ಇಡೀ ನಗರಕ್ಕೇ ಮೊದಲನೆಯದಾಯಿತು. ಹುವಾನ್ ಕಾರ್ಲೋಸ್ ಇದಾಲ್ಗೋ ಮತ್ತು ‘ಎಲ್ ಪೆಲಾದೀಯೋ’ ಎಂದೇ ಹೆಸರಾದ ಹೆಸೂಸ್ ಗಾರ್ಸಿಯಾ ನಡೆಸುತ್ತಿದ್ದ ಬೆಳಗಿನ ಕಾರ್ಯಕ್ರಮ ಮುಂದೆ ಇಂಗ್ಲಿಷ್ ರೇಡಿಯೋದ ಹೆಸರಾಂತ ನಿರೂಪಕ ಹೊವರ್ಡ್ ಸ್ಟರ್ನ್‌ನನ್ನೂ ಹಿಂದಿಕ್ಕಿತು. ಎಣಿಕೆಯೇ ತಪ್ಪಿರಬೇಕು ಎಂದು ಅನುಮಾನಿಸಿದವರೂ ಇದ್ದರು. ಹಾಗಾಗಿ ಎಣಿಕೆಯ ಕ್ರಮವನ್ನೇ ಮೊದಲು ಓದಿದೆ. ಆಗಿನ್ನೂ ಯಂತ್ರವಿರಲಿಲ್ಲ, ಹನ್ನೆರಡು ದಾಟಿದ ಮನೆಮಂದಿಯೆಲ್ಲ ಗುರುವಾರದಿಂದ ಬುಧವಾರದವರೆಗೆ ತಾವು ಕೇಳಿದ್ದನ್ನು ಪುಟ್ಟ ಡೈರಿಯಲ್ಲಿ ಬರೆದು ಅಂಚೆಗೆ ಹಾಕಬೇಕಿತ್ತು. ಡೈರಿಯನ್ನು ನಂಬಿ ಎಷ್ಟೋ ವರ್ಷ ಜಾಹೀರಾತು ಮಾರಿದವರು, ಅದೇ ಡೈರಿ ಇನ್ನೊಬ್ಬರ ಹೆಸರು ಹೇಳಿದಾಗ ಮುಖ ಸಿಂಡರಿಸಿದರು ಎಂದೇ ನಾನು ಬರೆದಿದ್ದೇನೆ.

ಆದರೆ ಮೊದಲ ಸ್ಥಾನ ಬಂದದ್ದೇಕೆ ಎಂಬುದು ಕೇಂದ್ರದ ಕಡತಗಳಲ್ಲಿ ಸಿಗುವುದಿಲ್ಲ. ಇಂಗ್ಲಿಷ್ ಪತ್ರಿಕೆಗಳ ರೇಡಿಯೋ ಅಂಕಣಗಳೂ ಅಷ್ಟಕ್ಕಷ್ಟೇ. ನನ್ನನ್ನು ಕೈಹಿಡಿದು ನಡೆಸಿದ್ದು 1926ರಿಂದ ಬರುತ್ತಿರುವ ಸ್ಪ್ಯಾನಿಷ್ ದಿನಪತ್ರಿಕೆ ‘ಲಾ ಒಪಿನಿಯೋನ್’. ಮೈಕ್ರೋಫಿಲ್ಮ್ ತಿರುಗಿಸುತ್ತ ಸುದ್ದಿಗಳನ್ನು ದಾಟಿ ಶನಿವಾರದ ಕುಣಿತದ ಜಾಹೀರಾತುಗಳನ್ನಷ್ಟೇ ನೋಡಿದೆ. ಯಾವ ಮೇಳ, ಯಾವ ಸಭಾಂಗಣ, ಕೆಳಗೆ ಯಾವ ಕೇಂದ್ರದ ಗುರುತು, ಇಷ್ಟನ್ನು ದಿನಾಂಕದೊಡನೆ ಬರೆದುಕೊಂಡೆ. ನಾನು ನೋಡಿದ ಪುಟಗಳಲ್ಲಿ ಮೇಳಗಳ ಹೆಸರು ಮೊದಲು ದಪ್ಪವಾಯಿತು, ಕೇಂದ್ರದ ಗುರುತು ಆಮೇಲೆ ಬಂತು. ಕ್ಯಾಸೆಟ್‌ನ ಕಥೆಯೂ ಹೀಗೆಯೇ: 1992ರ ಮೇ ತಿಂಗಳಲ್ಲಿ ಸಿನಲೋವಾದ ಕುಲಿಯಾಕಾನ್‌ನಲ್ಲಿ ಕೊಲೆಯಾದ ಗಾಯಕ ಚಲೀನೋ ಸಾಂಚೆಸ್ ತನ್ನ ಕ್ಯಾಸೆಟ್‌ಗಳನ್ನು ಸಂತೆಯಲ್ಲಿ ಮಾರಿ ಹೆಸರು ಮಾಡಿದವನು, ರೇಡಿಯೋ ಅವನ ಬೆನ್ನಿಗಿರಲಿಲ್ಲ. ಸಂತೆಯಲ್ಲಿ ಆಗಲೇ ಓಡುತ್ತಿದ್ದ ರುಚಿಯನ್ನು ಎಫ್‌ಎಂಗೆ ಏರಿಸಿದ್ದೇ ಲಾ ಎಕೀಸ್‌ನ ಜಾಣತನ.

ಕೇಳುಗರೊಡನೆ ಮಾತನಾಡುವಾಗ ಇಸವಿ ಕೇಳುವುದನ್ನು ಬೇಗ ನಿಲ್ಲಿಸಿದೆ. “ಆಗ ಎಲ್ಲಿ ಕೆಲಸ ಮಾಡುತ್ತಿದ್ದಿರಿ, ರೇಡಿಯೋ ಎಲ್ಲಿಟ್ಟಿತ್ತು?” ಎಂದರೆ ಮಾತು ತಾನೇ ಬಿಚ್ಚಿಕೊಳ್ಳುತ್ತದೆ. ಹೊಲಿಗೆ ಕಾರ್ಖಾನೆಯ ಕಪಾಟು, ಹೋಟೆಲಿನ ಪಾತ್ರೆ ತೊಳೆಯುವ ತೊಟ್ಟಿಯ ಮೇಲಿನ ಹಲಗೆ, ಗುತ್ತಿಗೆದಾರನ ಲಾರಿ. ಕೆಲಸದ ಜಾಗ ಗೊತ್ತಾದರೆ ವರ್ಷ ಹೊಂದಿಸುವುದು ಕಷ್ಟವಲ್ಲ. ನನ್ನ ಸ್ಪ್ಯಾನಿಷ್ ಅಂಗಡಿ ವ್ಯವಹಾರಕ್ಕೆ ಸಾಲುವಷ್ಟು ಮಾತ್ರ. ಹಾಗಾಗಿ ಎಲ್ಲವನ್ನೂ ರೆಕಾರ್ಡ್ ಮಾಡಿ ಆಮೇಲೆ ನಿಧಾನವಾಗಿ ಕೇಳುತ್ತಿದ್ದೆ.

ಅವರ ಮನೆಗಳಲ್ಲಿ ರೇಡಿಯೋದಿಂದ ಹಾಡು ಹಿಡಿದ ಕ್ಯಾಸೆಟ್‌ಗಳಿದ್ದವು. ಜತನದಿಂದ ಹಿಡಿದವುಗಳಿಂದ ನನಗೆ ಲಾಭವಿಲ್ಲ. ನಿರೂಪಕನ ಮಾತನ್ನು ಕತ್ತರಿಸಿ ಹಾಡನ್ನಷ್ಟೇ ಉಳಿಸಿರುತ್ತಾರೆ. ಬಟನ್ ಒತ್ತಿ ಮರೆತವರ ಕ್ಯಾಸೆಟ್‌ಗಳಲ್ಲಿ ಸಮಯ ಹೇಳುವುದು, ಪೀಠೋಪಕರಣದ ಅಂಗಡಿಯ ಜಾಹೀರಾತು, ಊರಿನ ಹೆಸರು ಹೇಳಿ ಶುಭ ಹಾರೈಸುವುದು ಎಲ್ಲವೂ ಇರುತ್ತದೆ. ಪ್ರತಿ ತೆಗೆಯುವಾಗ ಅವನ್ನೇ ಮೊದಲು ಕೇಳಿ ಪಡೆದೆ.

ಚರಿತ್ರೆಯನ್ನು 1995ಕ್ಕೆ ನಿಲ್ಲಿಸಿದ್ದೇನೆ. ಆ ಹೊತ್ತಿಗೆ ಪ್ರೇಮಗೀತೆಗಳ ಇನ್ನೊಂದು ಸ್ಪ್ಯಾನಿಷ್ ಕೇಂದ್ರ ಕೆಎಲ್‌ವಿಇ ಮೇಲೆ ಬಂದಿತ್ತು. ‘ಲಾ ರಾಸಾ’ ಎಂಬ ಹೆಸರಿನಲ್ಲಿ ಕೇಂದ್ರ ಮುಂದುವರಿದ ಕಾಲಕ್ಕೆ ಬೇರೆಯದೇ ನೋಟ್‌ಬುಕ್ ಬೇಕು.